ಮುಂದಿರುವುದನ್ನು ಹಿಡಿಯಲು ಬ್ರೇಕ್ ಹಾಕಿ

ಭೂಮಿಯಿಂದ 400 ಕಿಲೋಮೀಟರ್ ಎತ್ತರದಲ್ಲಿ ಎರಡು ನೌಕೆಗಳು ಒಂದೇ ಕಕ್ಷೆಯಲ್ಲಿ ಹಿಂದುಮುಂದಾಗಿ ಸುತ್ತುತ್ತಿವೆ ಎಂದುಕೊಳ್ಳಿ. ಹಿಂದಿನದರಲ್ಲಿ ನೀವಿದ್ದೀರಿ, ಮುಂದಿನದನ್ನು ಸೇರಬೇಕು. ಮೂತಿಯನ್ನು ಅದರತ್ತ ತಿರುಗಿಸಿ ಎಂಜಿನ್ ಹೊತ್ತಿಸಿದರೆ ಸ್ವಲ್ಪ ಹೊತ್ತು ಹತ್ತಿರವಾದಂತೆ ಕಂಡು, ಆಮೇಲೆ ನೀವು ಮೇಲಕ್ಕೇರುತ್ತ ಹಿಂದೆ ಬೀಳುತ್ತೀರಿ. ಮಾಡಬೇಕಾದ್ದು ಇದರ ಉಲ್ಟಾ. ವೇಗ ತಗ್ಗಿಸಬೇಕು. ಆಗ ಕಕ್ಷೆ ಕುಗ್ಗುತ್ತದೆ, ಒಂದು ಸುತ್ತು ಬೇಗ ಮುಗಿಯುತ್ತದೆ. ಬರೀ 10 ಕಿಲೋಮೀಟರ್ ಕೆಳಗಿನ ಕಕ್ಷೆಯಲ್ಲಿ ಸುತ್ತಿದರೆ ಪ್ರತಿ ಸುತ್ತಿಗೆ ಸುಮಾರು 12 ಸೆಕೆಂಡ್ ಉಳಿತಾಯ. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಆ 12 ಸೆಕೆಂಡ್ ಎಂದರೆ 90 ಕಿಲೋಮೀಟರಿಗಿಂತ ಹೆಚ್ಚು.

'ಕರ್ಬಲ್ ಸ್ಪೇಸ್ ಪ್ರೋಗ್ರಾಂ' ಎಂಬ ಕಂಪ್ಯೂಟರ್ ಆಟಕ್ಕೆ ಅಂಟಿಕೊಂಡಿದ್ದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೆಲವು ವರ್ಷ ಆಟ ಬಿಟ್ಟು ಮತ್ತೆ ಅದರ ಮುಂದೆ ಕೂತವರಿಗೂ ಸಂಗತಿ ನೆನಪಿರುತ್ತದೆ. ಆದರೂ ಅವರ ಬೆರಳು ಮೊದಲು ಮಾಡುವ ಕೆಲಸ, ಮೂತಿಯನ್ನು ಗುರಿಯತ್ತ ತಿರುಗಿಸಿ ನುಗ್ಗುವುದು. ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯದ್ದಾಗಿ ಕಾಣುವುದು ಇದೇ. ಕಕ್ಷೆಯ ಲೆಕ್ಕ ತಲೆಯಲ್ಲಿದ್ದರೂ ಅಭ್ಯಾಸ ತಪ್ಪಿದೊಡನೆ ನೆಲದ ಬುದ್ಧಿ ಮೇಲೆದ್ದು ಬರುತ್ತದೆ.

ಆಟ ಹುಟ್ಟಿದ್ದು ಮೆಕ್ಸಿಕೋ ನಗರದ ಸ್ಕ್ವಾಡ್ ಎಂಬ ಕಂಪನಿಯಲ್ಲಿ. ಅದರ ಅಸಲು ಕಸುಬು ಮಾರ್ಕೆಟಿಂಗ್. ಅಲ್ಲಿದ್ದ ಫೆಲಿಪೆ ಫಲಾಂಗೆ ರೂಪಿಸಿದ ಈ ಆಟದ ಮೊದಲ ಆವೃತ್ತಿ 2011ರ ಜೂನ್‌ನಲ್ಲಿ ಹೊರಬಂತು, ಪೂರ್ಣ ಆವೃತ್ತಿ 2015ರ ಏಪ್ರಿಲ್‌ನಲ್ಲಿ. ಕರ್ಬಿನ್ ಎಂಬ ಪುಟ್ಟ ಗ್ರಹ, ಅಲ್ಲಿ ಹಸಿರು ಮೈಯ, ದಪ್ಪ ತಲೆಯ ಕರ್ಬಲ್‌ಗಳು. ಟ್ಯಾಂಕು, ಎಂಜಿನ್ನು, ರೆಕ್ಕೆಗಳನ್ನು ಜೋಡಿಸಿ ರಾಕೆಟ್ ಕಟ್ಟಿ ಅವರನ್ನು ಮೇಲಕ್ಕೆ ಕಳಿಸುವುದು ನಿಮ್ಮ ಕೆಲಸ. ಬಂದೂಕಿಲ್ಲ, ದಾಳಿಯಿಡುವ ಅನ್ಯಗ್ರಹವಾಸಿಗಳಿಲ್ಲ. ಎದುರಾಳಿ ನ್ಯೂಟನ್ ಒಬ್ಬನೇ. ನಾಸಾ 2014ರಲ್ಲಿ, ಯುರೋಪಿನ ಬಾಹ್ಯಾಕಾಶ ಸಂಸ್ಥೆ 2020ರಲ್ಲಿ ತಮ್ಮ ಯೋಜನೆಗಳ ಮಾದರಿಗಳನ್ನು ಈ ಆಟದೊಳಕ್ಕೆ ತರಲು ಕೈಜೋಡಿಸಿದವು.

ನೆಲದ ಬುದ್ಧಿ ಕೈಕೊಟ್ಟದ್ದು ಆಟಗಾರರಿಗೆ ಮಾತ್ರವಲ್ಲ. 1965ರ ಜೂನ್‌ನಲ್ಲಿ ಜೆಮಿನಿ 4 ನೌಕೆಯಲ್ಲಿದ್ದ ಜೇಮ್ಸ್ ಮ್ಯಾಕ್‌ಡಿವಿಟ್, ತಮ್ಮನ್ನು ಕಕ್ಷೆಗೆ ತಂದು ಬಿಟ್ಟ ಟೈಟನ್ ರಾಕೆಟ್ಟಿನ ಖಾಲಿ ಹಂತದ ಪಕ್ಕಕ್ಕೆ ಹೋಗಲು ಯತ್ನಿಸಿದರು. ಅವರು ನುರಿತ ಪೈಲಟ್. ವಿಮಾನದಲ್ಲಾದರೆ ಮುಂದಿರುವುದನ್ನು ಸೇರಲು ವೇಗ ಹೆಚ್ಚಿಸಬೇಕು, ಅವರು ಮಾಡಿದ್ದೂ ಅದನ್ನೇ. ಖಾಲಿ ಹಂತ ಜಾರುತ್ತಲೇ ಹೋಯಿತು, ಇಂಧನ ಕರಗುತ್ತ ಬಂತು, ಕೊನೆಗೆ ಪ್ರಯತ್ನವನ್ನೇ ಕೈಬಿಡಬೇಕಾಯಿತು. ಲೆಕ್ಕ ಗೊತ್ತಿರಲಿಲ್ಲವೆಂದಲ್ಲ. ಬಝ್ ಆಲ್ಡ್ರಿನ್ 1963ರಲ್ಲೇ ಎಂಐಟಿಯಲ್ಲಿ ಕಕ್ಷೆಯಲ್ಲಿನ ಭೇಟಿಯ ಕುರಿತು ಪಿಎಚ್‌ಡಿ ಮುಗಿಸಿದ್ದರು. ಕಾಗದದ ಮೇಲಿದ್ದುದು ಪೈಲಟ್ಟಿನ ಕೈಗೆ ಇಳಿದಿರಲಿಲ್ಲ, ಅಷ್ಟೆ. 1965ರ ಡಿಸೆಂಬರಿನಲ್ಲಿ ಜೆಮಿನಿ 6ಎ ಮತ್ತು ಜೆಮಿನಿ 7 ಸುಮಾರು ಒಂದು ಅಡಿಯಷ್ಟು ಹತ್ತಿರ ಬಂದು ನಿಂತವು.

ಇಷ್ಟು ವರ್ಷಗಳಾದ ಮೇಲೂ ಇದು ಸಲೀಸಾಗಿಲ್ಲ. ಇಸ್ರೋದ ಸ್ಪೇಡೆಕ್ಸ್ ಜೋಡಿ ಉಪಗ್ರಹಗಳು, ಒಂದೊಂದೂ ಸುಮಾರು 220 ಕಿಲೋ, 2024ರ ಡಿಸೆಂಬರ್ 30ರಂದು ಹಾರಿದವು. ಜನವರಿ ಮೊದಲ ವಾರ ಮುಗಿಯುವಷ್ಟರಲ್ಲಿ ಡಾಕಿಂಗ್ ಆಗಬೇಕಿತ್ತು. ಉಪಗ್ರಹಗಳ ನಡುವಿನ ಜಾರುವಿಕೆ ಎಣಿಸಿದ್ದಕ್ಕಿಂತ ಹೆಚ್ಚಾಗಿ ಮುಂದೂಡಲಾಯಿತು. ಕೊನೆಗೆ 16ರಂದು ಅವು ಕೂಡಿಕೊಂಡಾಗ ಈ ಕೆಲಸ ಸಾಧಿಸಿದ ನಾಲ್ಕನೆಯ ದೇಶ ಭಾರತವಾಯಿತು.

ಕಲಿತದ್ದು ಬಿಟ್ಟುಹೋಗುವ ರೀತಿಯಲ್ಲೂ ಒಂದು ವಿಚಿತ್ರವಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು 1885ರಲ್ಲಿ ಬರೆದದ್ದು: ಪೂರ್ತಿ ಮರೆತಂತೆ ಕಂಡರೂ ಎರಡನೇ ಸಲ ಕಲಿಯಲು ಕಡಿಮೆ ಹೊತ್ತು ಸಾಕು. ಆದರೆ ಮರೆವು ಎಲ್ಲ ಬಗೆಯ ಕಲಿಕೆಯನ್ನೂ ಒಂದೇ ಸಮನಾಗಿ ತಿನ್ನುವುದಿಲ್ಲ. ಸ್ಟೀಫನ್ ಕ್ಯಾಸ್ನರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟೋಪೈಲಟ್‌ಗೆ ಒಗ್ಗಿಹೋದ ವಿಮಾನ ಚಾಲಕರನ್ನು 747 ಸಿಮ್ಯುಲೇಟರಿನಲ್ಲಿ ಕೂರಿಸಿ ಕೈಯಾರೆ ಹಾರಿಸಲು ಹೇಳಿದ್ದರು. ಕೈಚಳಕ ಹೆಚ್ಚುಕಡಿಮೆ ಹಾಗೇ ಇತ್ತು. ಸವೆದಿದ್ದು, ನಾವೀಗ ಎಲ್ಲಿದ್ದೇವೆ, ಮುಂದೇನು ಮಾಡಬೇಕು ಎಂಬ ಯೋಚನೆಯ ಭಾಗ.

ಕರ್ಬಲ್‌ಗೆ ಮರಳಿದವರ ಪಾಡೂ ಹೆಚ್ಚುಕಡಿಮೆ ಇದೇ. ಸ್ಪೇಸ್‌ಬಾರ್ ಒತ್ತಿದರೆ ಹಂತ ಕಳಚುತ್ತದೆ, ಶಿಫ್ಟ್ ಒತ್ತಿದರೆ ಎಂಜಿನ್ ಜೋರಾಗುತ್ತದೆ, ಎಂ ಒತ್ತಿದರೆ ನಕ್ಷೆ ತೆರೆಯುತ್ತದೆ. ಬೆರಳುಗಳಿಗೆ ಇದು ಒಂದು ಸಂಜೆಯಲ್ಲಿ ಮರಳುತ್ತದೆ. ಕಷ್ಟವಿರುವುದು ನಕ್ಷೆಯಲ್ಲಿ. ಹಳೆಯ ಆಟವನ್ನು ತೆರೆದರೆ ಡ್ಯೂನಾ ಗ್ರಹದ ಹಾದಿಯಲ್ಲಿ ಅರ್ಧಕ್ಕೆ ನಿಂತ ನೌಕೆ, ಮುನ್ ಎಂಬ ಉಪಗ್ರಹದ ಮೇಲೆ ಇಂಧನವಿಲ್ಲದೆ ಕೂತ ಮೂವರು, ಯಾಕೆ ಕಟ್ಟಿದ್ದೆಂದೇ ತಿಳಿಯದ ಒಂದು ನಿಲ್ದಾಣ. ಪುಣ್ಯಕ್ಕೆ ಆಟದ ಗಡಿಯಾರ ನಮಗಾಗಿ ನಿಂತಿರುತ್ತದೆ. ಆದರೆ ಆ ಸಿಕ್ಕನ್ನು ಬಿಡಿಸುವುದಕ್ಕಿಂತ ಹೊಸ ಆಟ ಶುರುಮಾಡುವುದೇ ಸುಲಭವೆಂದು ಹಲವರಿಗೆ ಅನಿಸುತ್ತದೆ.

ಹೊಸದಾಗಿ ಶುರುಮಾಡಿದರೆ ರಾಕೆಟ್ ಕಕ್ಷೆ ಸೇರುವುದು ಆಶ್ಚರ್ಯವೆನಿಸುವಷ್ಟು ಸುಲಭ. ಇಲ್ಲಿ ಆಟ ನಮಗೆ ತುಂಬಾ ರಿಯಾಯಿತಿ ಕೊಟ್ಟಿದೆ. ಕರ್ಬಿನ್ನಿನ ತ್ರಿಜ್ಯ 600 ಕಿಲೋಮೀಟರ್, ಭೂಮಿಯದು 6,371. ಆದರೂ ನೆಲದ ಮೇಲಿನ ಗುರುತ್ವ ಎರಡರಲ್ಲೂ ಸಮ. ಹಾಗಾಗಬೇಕಾದರೆ ಕರ್ಬಿನ್ ಭೂಮಿಗಿಂತ ಹತ್ತು ಪಟ್ಟಿಗೂ ಹೆಚ್ಚು ಸಾಂದ್ರವಾಗಿರಬೇಕು, ಅಂದರೆ ನಮಗೆ ಗೊತ್ತಿರುವ ಅತಿ ಸಾಂದ್ರ ಲೋಹವಾದ ಆಸ್ಮಿಯಮ್ಮಿನ ಎರಡೂವರೆ ಪಟ್ಟು. ಅಂಥ ಗ್ರಹ ಎಲ್ಲೂ ಇರಲಾರದು. ಆಟಗಾರನ ತಾಳ್ಮೆಗೆ ಮಾತ್ರ ಅದು ವರದಾನ.

ಕರ್ಬಿನ್ನಿನಿಂದ ಕಕ್ಷೆಗೇರಲು ರಾಕೆಟ್ ಗಳಿಸಬೇಕಾದ ಒಟ್ಟು ವೇಗಬದಲಾವಣೆ, ಆಟಗಾರರ ಮಾತಿನಲ್ಲಿ ಡೆಲ್ಟಾ-ವಿ, ಸೆಕೆಂಡಿಗೆ ಸುಮಾರು 3.4 ಕಿಲೋಮೀಟರ್. ಭೂಮಿಯಿಂದ 9.4ರ ಆಸುಪಾಸು. ಮೂರು ಪಟ್ಟೂ ಇಲ್ಲ, ಏನು ಮಹಾ ಎನ್ನಬೇಡಿ. ರಷ್ಯಾದ ತ್ಸಿಯೋಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ರಾಕೆಟ್ ಸಮೀಕರಣದಲ್ಲಿ ಇಂಧನದ ಲೆಕ್ಕ ಘಾತೀಯವಾಗಿ ಬೆಳೆಯುತ್ತದೆ. ಅನಿಲ ಸೆಕೆಂಡಿಗೆ 3.3 ಕಿಲೋಮೀಟರ್ ವೇಗದಲ್ಲಿ ಹೊರಚಿಮ್ಮುವ ಎಂಜಿನ್ ಎಂದಿಟ್ಟುಕೊಂಡರೆ, ಕರ್ಬಿನ್ನಿನಲ್ಲಿ ರಾಕೆಟ್ಟಿನ ಮೂರನೇ ಎರಡು ಪಾಲಿಗಿಂತ ಕಡಿಮೆ ಇಂಧನ ಸಾಕು. ಭೂಮಿಯಲ್ಲಾದರೆ 17 ಟನ್ ರಾಕೆಟ್ಟಿನಲ್ಲಿ 16 ಟನ್ ಇಂಧನವೇ. ಉಳಿದ ಒಂದು ಟನ್ನಿನಲ್ಲಿ ಟ್ಯಾಂಕು, ಎಂಜಿನ್ನು, ಉಪಗ್ರಹ ಎಲ್ಲ ಬರಬೇಕು. ಖಾಲಿ ಹಂತಗಳನ್ನು ದಾರಿಯಲ್ಲೇ ಕಳಚಿಕೊಳ್ಳುವುದು ಇದಕ್ಕಾಗಿ.

ಅಳತೆಯಲ್ಲಿ ರಿಯಾಯಿತಿಯಿದ್ದರೂ ತರ್ಕದಲ್ಲಿ ಇಲ್ಲ. ಚಂದ್ರಯಾನ-3 ಹಾರಿದ್ದು 2023ರ ಜುಲೈ 14ಕ್ಕೆ, ಇಳಿದದ್ದು ಆಗಸ್ಟ್ 23ಕ್ಕೆ. ಅಪೊಲೊ 11 ನಾಲ್ಕೇ ದಿನದಲ್ಲಿ ಚಂದ್ರನ ಮೇಲಿತ್ತು, ನಮಗೇಕೆ 40 ದಿನ ಎಂದು ಆಗ ಕೇಳದವರಿಲ್ಲ. ಸಣ್ಣ ಎಂಜಿನ್ ಕಟ್ಟಿಕೊಂಡು ಮುನ್‌ಗೆ ಹೊರಟ ಆಟಗಾರ ಉತ್ತರ ಬಲ್ಲ. ರಾಕೆಟ್ ವಿಜ್ಞಾನಿ ಹರ್ಮನ್ ಓಬರ್ತ್ ತೋರಿಸಿಕೊಟ್ಟಂತೆ, ವೇಗ ಹೆಚ್ಚಿರುವಾಗ ಉರಿಸಿದ ಇಂಧನ ನೌಕೆಗೆ ಹೆಚ್ಚು ಚಲನಶಕ್ತಿ ಕೊಡುತ್ತದೆ. ಸೆಕೆಂಡಿಗೆ 10 ಕಿಲೋಮೀಟರ್ ವೇಗದಲ್ಲಿರುವಾಗ ಸೇರಿಸಿದ 100 ಮೀಟರ್, ಒಂದು ಕಿಲೋಮೀಟರ್ ವೇಗದಲ್ಲಿರುವಾಗ ಸೇರಿಸಿದ್ದಕ್ಕಿಂತ ಸುಮಾರು ಹತ್ತು ಪಟ್ಟು ಫಲ ಕೊಡುತ್ತದೆ. ನೌಕೆ ಅತಿ ವೇಗದಲ್ಲಿರುವುದು ಗ್ರಹಕ್ಕೆ ತೀರ ಹತ್ತಿರ ಬಂದಾಗ, ಅದೂ ಕೆಲವೇ ನಿಮಿಷ. ಎಂಜಿನ್ ಸಣ್ಣದಾದರೆ ಅಷ್ಟರಲ್ಲಿ ಕೆಲಸ ಮುಗಿಯದು. ಮತ್ತೊಂದು ಸುತ್ತು ಹಾಕಿ ಬಂದು, ಅದೇ ಜಾಗದಲ್ಲಿ ಇನ್ನೊಂದಿಷ್ಟು ಉರಿಸಬೇಕು. ಮಂಗಳಯಾನದ್ದೂ ಇದೇ ಕಥೆ. ಸುಮಾರು 1,340 ಕಿಲೋ ತೂಕದ ನೌಕೆಗೆ ಇದ್ದದ್ದು 440 ನ್ಯೂಟನ್ ಎಂಜಿನ್. 2013ರ ನವೆಂಬರ್ 5ಕ್ಕೆ ಹಾರಿ, ತಿಂಗಳಿಡೀ ಭೂಮಿಯನ್ನೇ ಸುತ್ತುತ್ತ, ಒಂದೊಂದು ಉರಿಗೂ ಕಕ್ಷೆಯನ್ನು ಹಿಗ್ಗಿಸಿಕೊಂಡು, ಡಿಸೆಂಬರ್ 1ರ ನಡುರಾತ್ರಿ ಕಳೆದ ಮೇಲೆ 22 ನಿಮಿಷಗಳ ಒಂದೇ ಉರಿಯಲ್ಲಿ ಮಂಗಳನ ದಾರಿ ಹಿಡಿಯಿತು.

ಹಾಗಾದರೆ ಇಸ್ರೋದ ಯಾವ ಯಾನವನ್ನಾದರೂ ಈ ಆಟದಲ್ಲಿ ಹಾರಿಸಬಹುದೇ? ಆದಿತ್ಯ-ಎಲ್1 ಅನ್ನು ಆಗದು. 2024ರ ಜನವರಿಯಿಂದ ಅದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆ, ಸೂರ್ಯ ಮತ್ತು ಭೂಮಿ ಎರಡರ ಸೆಳೆತವೂ ಕೂಡಿ ನಿರ್ಧರಿಸುವ ಲಗ್ರಾಂಜ್ ಬಿಂದುವಿನ ಸುತ್ತ ಸುಳಿಯುತ್ತಿದೆ. ಕರ್ಬಲ್‌ನಲ್ಲಿ ಅಂಥ ಬಿಂದುವೇ ಇಲ್ಲ. ಒಂದು ಕ್ಷಣಕ್ಕೆ ನೌಕೆಯನ್ನು ಸೆಳೆಯುವುದು ಒಂದೇ ಕಾಯ. ಮುನ್‌ನ ಪ್ರಭಾವ ವಲಯದೊಳಕ್ಕೆ ಕಾಲಿಟ್ಟೊಡನೆ ಕರ್ಬಿನ್ನಿನ ಸೆಳೆತ ಇದ್ದಕ್ಕಿದ್ದಂತೆ ಶೂನ್ಯ. ಇದು ಸೋಮಾರಿತನವಲ್ಲ, ನಿಜವಾದ ಯಾನಗಳ ಮೊದಲ ಅಂದಾಜಿಗೂ ಇದೇ ವಿಧಾನ ಬಳಸುತ್ತಾರೆ. ಎರಡು ಕಾಯಗಳ ಲೆಕ್ಕಕ್ಕೆ ಸೂತ್ರವಿದೆ, ಸಾವಿರ ವರ್ಷ ಮುಂದಿನ ಸ್ಥಾನವನ್ನೂ ಒಮ್ಮೆಲೇ ಹೇಳಬಹುದು. ಮೂರನೆಯದು ಸೇರಿದರೆ ಹೆಜ್ಜೆಹೆಜ್ಜೆಯಾಗಿ ಎಣಿಸುತ್ತ ಹೋಗಬೇಕು. ಕಾಲವನ್ನು ಒಂದು ಲಕ್ಷ ಪಟ್ಟು ಓಡಿಸಲು ಬಿಡುವ ಆಟಕ್ಕೆ ಅದು ಸುಲಭವಲ್ಲ.

ಎಲ್ಲ ಕಾಯಗಳ ಸೆಳೆತವನ್ನೂ ಲೆಕ್ಕಕ್ಕೆ ಹಿಡಿಯುವ 'ಪ್ರಿನ್ಸಿಪಿಯಾ' ಎಂಬ ಮಾಡ್, ಅಂದರೆ ಆಟಕ್ಕೆ ಹೊರಗಿನವರು ಬರೆದ ಸೇರ್ಪಡೆ, ಇದೆ. ಹಳಬರಲ್ಲಿ ಕೆಲವರು ಮರಳಿ ಬರುವಾಗ ಅದನ್ನು ಹಾಕಿಕೊಂಡೇ ಬರುತ್ತಾರೆ. ನಕ್ಷೆಯಲ್ಲಿದ್ದ ಅಚ್ಚುಕಟ್ಟಾದ ದೀರ್ಘವೃತ್ತಗಳು ಆಗ ದಾರದ ಉಂಡೆಯಂತೆ ಕಾಣತೊಡಗುತ್ತವೆ, ಲಗ್ರಾಂಜ್ ಬಿಂದುಗಳು ತಾವಾಗಿ ಹುಟ್ಟುತ್ತವೆ. ಜೂಲ್ ಎಂಬ ಹಸಿರು ದೈತ್ಯಗ್ರಹವನ್ನು ಸುತ್ತುವ ಐದು ಉಪಗ್ರಹಗಳ ಮೂಲ ಜೋಡಣೆ ಮಾತ್ರ ಈ ನಿಜವಾದ ಗುರುತ್ವದಲ್ಲಿ ಬಹುಕಾಲ ಉಳಿಯುವುದಿಲ್ಲ. ಮಾಡ್ ಬರೆದವರು ಅವುಗಳ ಕಕ್ಷೆಯನ್ನೇ ತಿದ್ದಬೇಕಾಯಿತು.