ರೋಮ್ ಯಾತ್ರೆಗೆ ಮುನ್ನ

ಹಗರಿಬೊಮ್ಮನಹಳ್ಳಿಯಂತಹ ಊರಿನ ಹಿರಿಯರಿಗೂ ಸಂತ ಪೇತ್ರರ ಸಮಾಧಿಯ ದರ್ಶನ ಪಡೆಯುವ ಹಂಬಲವಿರುವುದನ್ನು ನಾವು ಬಲ್ಲೆವು. ವ್ಯಾಟಿಕನ್ನಿಗೆ ಪ್ರತ್ಯೇಕ ವೀಸಾ ಇಲ್ಲ; ಇಟಲಿಯ ಮೂಲಕವೇ ಪ್ರವೇಶವಾದುದರಿಂದ ಶೆಂಗೆನ್ ವೀಸಾ ಬೇಕು. ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ಪಡೆದದ್ದಾಗಿದ್ದು, ಆ ನಾಡು ಬಿಡುವ ದಿನದ ನಂತರವೂ 3 ತಿಂಗಳು ಊರ್ಜಿತವಿರಬೇಕು. ತುರ್ತು ಚಿಕಿತ್ಸೆಗೂ, ಮರಣ ಸಂಭವಿಸಿದರೆ ದೇಹವನ್ನು ಸ್ವದೇಶಕ್ಕೆ ತರುವುದಕ್ಕೂ ಒದಗುವ, ಕನಿಷ್ಠ 30,000 ಯೂರೋಗಳ ವಿಮೆ ಕಡ್ಡಾಯ.

ವಿಮೆಯ ಅರ್ಜಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಮರೆಮಾಚುವವರುಂಟು. ಅದರಿಂದ ಕಂತಿನ ಹಣ ಉಳಿದೀತು. ಆದರೆ ಪರದೇಶದ ಆಸ್ಪತ್ರೆಯಲ್ಲಿ ಮಲಗಿದಾಗ ಕಂಪನಿಯು ಪರಿಹಾರ ನಿರಾಕರಿಸಬಹುದು, ಸಾಲವು ಮಕ್ಕಳ ತಲೆಗೆ ಬೀಳಬಹುದು. ಮಾತ್ರೆಗಳು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇರಲಿ. ಹೊರಡುವ ಮುನ್ನ ಮಕ್ಕಳು ಹೆತ್ತವರೊಡನೆ ಕುಳಿತು ಆ ಅರ್ಜಿಯನ್ನು ಒಮ್ಮೆ ಓದಬೇಕೆಂದು ಕೋರುತ್ತೇವೆ.