ಆ ರಾತ್ರಿ ತಿರುಗಿದ ಸೈಕ್ಲೋಸ್ಟೈಲ್ ಯಂತ್ರ

1955ರ ಡಿಸೆಂಬರ್ 1, ಗುರುವಾರ ರಾತ್ರಿ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮೆರಿ ನಗರ. ಅಲಬಾಮಾ ಸ್ಟೇಟ್ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಜೋ ಆನ್ ರಾಬಿನ್ಸನ್, ಸಹೋದ್ಯೋಗಿ ಜಾನ್ ಕ್ಯಾನನ್ ಮತ್ತು ಇಬ್ಬರು ವಿದ್ಯಾರ್ಥಿಗಳು ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತಿದ್ದರು. ಹಾಳೆಯೊಂದರಲ್ಲಿ ಒಂದೇ ಒಕ್ಕಣೆ ಮೂರು ಸಲ ಮೂಡುತ್ತಿತ್ತು, ಕತ್ತರಿಸಿದರೆ ಮೂರು ಕರಪತ್ರ. ಬೆಳಗಿನ ಜಾವಕ್ಕೆ ಹತ್ತಾರು ಸಾವಿರ ಪ್ರತಿಗಳು ಸಿದ್ಧವಾದವು. ಸೀಟು ಬಿಟ್ಟುಕೊಡಲಿಲ್ಲ ಎಂದು ಇನ್ನೊಬ್ಬ ಕಪ್ಪು ಹೆಂಗಸನ್ನು ಬಂಧಿಸಿದ್ದಾರೆ, ಸೋಮವಾರ ಯಾರೂ ಬಸ್ಸು ಹತ್ತಬೇಡಿ ಎಂಬುದು ಅದರ ಸಾರ.

ಆ ಹೆಂಗಸು ರೋಸಾ ಪಾರ್ಕ್ಸ್. ಅವರನ್ನೂ, ಮುಂದೆ ಚಳವಳಿಯ ನಾಯಕರಾದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನೂ ಜಗತ್ತು ಮರೆತಿಲ್ಲ. ಆದರೆ ಒಂದು ದಿನಕ್ಕೆಂದು ಕೊಟ್ಟ ಕರೆ 381 ದಿನ ಬಾಳಿದ್ದು ಹೇಗೆ? ಉತ್ತರ ಬೇಕಿದ್ದರೆ ಭಾಷಣದ ವೇದಿಕೆಯಿಂದ ಇಳಿದು ಅಡುಗೆಮನೆಗೆ, ಕಾರು ನಿಲ್ಲುವ ಮೂಲೆಗೆ, ಕೋರ್ಟಿನ ಕಟಕಟೆಗೆ ಹೋಗಬೇಕು.

ಮೊದಲೇ ಹದಗೊಂಡಿದ್ದ ನೆಲ

ಮಾಂಟ್‌ಗೊಮೆರಿಯ ಬಸ್ಸುಗಳಲ್ಲಿ ಮುಂದಿನ ಹತ್ತು ಸೀಟು ಬಿಳಿಯರಿಗೆ ಮೀಸಲು. ಅವು ಖಾಲಿಯಿದ್ದರೂ ಕಪ್ಪು ಜನ ನಿಂತೇ ಹೋಗಬೇಕು. ಎಷ್ಟೋ ಸಲ ಮುಂಬಾಗಿಲಲ್ಲಿ ಕಾಸು ಕೊಟ್ಟು, ಕೆಳಗಿಳಿದು, ಹಿಂಬಾಗಿಲಿಗೆ ನಡೆದು ಹತ್ತಬೇಕು. ಅಷ್ಟರಲ್ಲಿ ಚಾಲಕ ಬಸ್ಸು ಬಿಟ್ಟುಬಿಟ್ಟರೆ ಕೊಟ್ಟ ಕಾಸೂ ಹೋಯಿತು, ಹೋಗಬೇಕಾದ ಕೆಲಸವೂ ಕೆಟ್ಟಿತು. ಹೀಗೆ ಅವಮಾನ ನುಂಗುತ್ತಿದ್ದವರೇ ಆ ಕಂಪನಿಯ ಪ್ರಯಾಣಿಕರಲ್ಲಿ ಸುಮಾರು ಮುಕ್ಕಾಲು ಪಾಲು. ಅವರ ಬಲ ಅಡಗಿದ್ದದ್ದೂ ಆ ಲೆಕ್ಕದಲ್ಲೇ.

ಆ ಲೆಕ್ಕವನ್ನು ಮೊದಲು ಹಾಕಿದವರು ಹೆಂಗಸರು. 1946ರಲ್ಲಿ ಅಧ್ಯಾಪಕಿ ಮೇರಿ ಫೇರ್ ಬರ್ಕ್ಸ್ ‘ವಿಮೆನ್ಸ್ ಪೊಲಿಟಿಕಲ್ ಕೌನ್ಸಿಲ್’ ಕಟ್ಟಿದರು. 1949ರಲ್ಲಿ, ಹೆಚ್ಚುಕಡಿಮೆ ಖಾಲಿಯಿದ್ದ ಬಸ್ಸೊಂದರ ಮುಂಭಾಗದಲ್ಲಿ ಕುಳಿತ ರಾಬಿನ್ಸನ್ ಮೇಲೆ ಚಾಲಕ ಕಿರುಚಿ ಎರಗಿ ಬಂದ. ಅವರು ಅಳುತ್ತಾ ಇಳಿದುಹೋದರು. ಮರುವರ್ಷ ಆ ಸಂಘದ ಅಧ್ಯಕ್ಷೆಯಾದರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ನಾಲ್ಕೇ ದಿನಕ್ಕೆ, 1954ರ ಮೇ 21ರಂದು, ಅವರು ಮೇಯರ್ ಗೇಲ್ ಅವರಿಗೆ ಪತ್ರ ಬರೆದು ಬಸ್ ಬಹಿಷ್ಕಾರದ ಎಚ್ಚರಿಕೆ ಕೊಟ್ಟಿದ್ದರು.

1955ರ ಮಾರ್ಚ್‌ನಲ್ಲಿ 15 ವರ್ಷದ ಶಾಲಾ ಹುಡುಗಿ ಕ್ಲಾಡೆಟ್ ಕಾಲ್ವಿನ್, ಅಕ್ಟೋಬರ್‌ನಲ್ಲಿ 18ರ ಮೇರಿ ಲೂಯಿಸ್ ಸ್ಮಿತ್ ಸೀಟು ಬಿಡದೆ ಬಂಧನಕ್ಕೊಳಗಾದರು. ರೋಸಾ ಪಾರ್ಕ್ಸ್ ಕೂಡ ಕಾಲು ನೋವೆಂದು ಕುಳಿತುಬಿಟ್ಟ ದರ್ಜಿಯಮ್ಮ ಮಾತ್ರ ಅಲ್ಲ. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ಸ್ಥಳೀಯ ಶಾಖೆಯಲ್ಲಿ ವರ್ಷಗಟ್ಟಲೆ ಕಾರ್ಯದರ್ಶಿಯಾಗಿ ದುಡಿದವರು. ಅದೇ ಬೇಸಿಗೆಯಲ್ಲಿ ಟೆನೆಸ್ಸಿಯ ಹೈಲ್ಯಾಂಡರ್ ಜಾನಪದ ಶಾಲೆಯ ಕಾರ್ಯಾಗಾರದಲ್ಲಿ ಕಪ್ಪು–ಬಿಳಿಯರು ಒಂದೇ ಮೇಜಿನಲ್ಲಿ ಉಣ್ಣುವುದನ್ನು ಕಂಡು ಬಂದಿದ್ದರು.

ಹಾಗಾಗಿ ಶುಕ್ರವಾರ ಬೆಳಿಗ್ಗೆ ಕರಪತ್ರಗಳು ಎಲ್ಲಿಗೆ ಹೋಗಬೇಕು ಎಂಬ ಗೊಂದಲ ಇರಲಿಲ್ಲ. ರಾಬಿನ್ಸನ್ ತಮ್ಮ ತರಗತಿ ಮುಗಿಸಿಕೊಂಡು ಕಾರಿನಲ್ಲಿ ಕಟ್ಟುಗಳನ್ನು ಹೇರಿಕೊಂಡು ಹೊರಟರು. ಶಾಲೆ, ಅಂಗಡಿ, ಕ್ಷೌರದಂಗಡಿ, ಕಾರ್ಖಾನೆ ಎಲ್ಲೆಡೆ ಕೈಗಳು ಕಾದಿದ್ದವು. ರೈಲ್ವೆ ಪೋರ್ಟರುಗಳ ಸಂಘದಲ್ಲಿ ಪಳಗಿದ್ದ ಇ. ಡಿ. ನಿಕ್ಸನ್ ಪಾದ್ರಿಗಳಿಗೆಲ್ಲ ದೂರವಾಣಿ ಮಾಡಿದರು. ಡಿಸೆಂಬರ್ 5ರ ಸೋಮವಾರ ಬಸ್ಸುಗಳು ಬರಿದಾಗಿ ಓಡಿದವು. ಅಂದೇ ‘ಮಾಂಟ್‌ಗೊಮೆರಿ ಇಂಪ್ರೂವ್‌ಮೆಂಟ್ ಅಸೋಸಿಯೇಷನ್’ ಹುಟ್ಟಿ, 26 ವರ್ಷದ ಕಿಂಗ್ ಅಧ್ಯಕ್ಷರಾದರು. ಆ ಸಂಜೆ ಹೋಲ್ಟ್ ಸ್ಟ್ರೀಟ್ ಚರ್ಚಿನ ಒಳಗೂ ಹೊರಗೂ ಸಾವಿರಾರು ಜನ ಸೇರಿ, ಬಹಿಷ್ಕಾರ ಮುಂದುವರಿಸೋಣ ಎಂದರು.

ಬಸ್ಸಿಲ್ಲದ ಊರಿಗೆ ಕಾರುಗಳ ಜಾಲ

ಮುಂದುವರಿಸುವುದೆಂದರೆ ಏನು? ಬೆಳಗಾದರೆ ಸಾವಿರಾರು ಮಂದಿ ಮನೆಗೆಲಸಕ್ಕೆ, ಕಾರ್ಖಾನೆಗೆ, ಅಡುಗೆಗೆ ಹೋಗಲೇಬೇಕು. ಮೊದಲು ಕಪ್ಪು ಜನರ ಟ್ಯಾಕ್ಸಿಗಳು ಬಸ್ಸಿನ ದರವಾದ 10 ಸೆಂಟಿಗೇ ಕರೆದೊಯ್ದವು. ಕಾನೂನಿನ ಪ್ರಕಾರ ಕನಿಷ್ಠ 45 ಸೆಂಟು ಪಡೆಯಲೇಬೇಕೆಂದು ನಗರಾಡಳಿತ ಆ ದಾರಿಗೆ ಅಡ್ಡ ನಿಂತಿತು. ಆಗ ಕಿಂಗ್, ಲೂಸಿಯಾನಾದ ಬ್ಯಾಟನ್ ರೂಜ್ ನಗರದ ಪಾದ್ರಿ ಟಿ. ಜೆ. ಜೆಮಿಸನ್ ಅವರನ್ನು ದೂರವಾಣಿಯಲ್ಲಿ ಕೇಳಿದರು. 1953ರಲ್ಲಿ ಅಲ್ಲಿ ನಡೆದಿದ್ದ ಬಸ್ ಬಹಿಷ್ಕಾರದಲ್ಲಿ ಸ್ವಂತ ಕಾರುಗಳಲ್ಲೇ ಜನರನ್ನು ಸಾಗಿಸಿದ್ದರು. ಆ ಅನುಭವ ಇಲ್ಲಿಗೆ ಪಾಠವಾಯಿತು.

ಸುಮಾರು 300 ಕಾರುಗಳು ಸೇರಿದವು. ಬೆಳಿಗ್ಗೆ ಜನ ಸೇರುವ ಜಾಗಗಳು, ಸಂಜೆ ಮರಳಿ ಹತ್ತುವ ಜಾಗಗಳು ಗೊತ್ತಾದವು. ರೂಫಸ್ ಲೂಯಿಸ್ ಸಾರಿಗೆ ಸಮಿತಿ ನೋಡಿಕೊಂಡರು. ಕೆಲಸ ಕಳೆದುಕೊಂಡ ರೋಸಾ ಪಾರ್ಕ್ಸ್ ಕೂಡ ಕೆಲಕಾಲ ಕಾರುಗಳನ್ನು ಕಳಿಸುವ ಮೇಲ್ವಿಚಾರಣೆ ಮಾಡಿದರು. ಚರ್ಚುಗಳ ಹೆಸರಿನಲ್ಲಿ ಕೊಂಡ ದೊಡ್ಡ ಕಾರುಗಳನ್ನು ಜನ ‘ಉರುಳುವ ಚರ್ಚು’ಗಳೆಂದು ಕರೆದರು. ಪೊಲೀಸರು ಸಣ್ಣಪುಟ್ಟ ನೆಪ ಹಿಡಿದು ದಂಡ ಹಾಕಿದರು. ವೇಗಮಿತಿ ಮೀರಿದರೆಂದು ಕಿಂಗ್ ಅವರನ್ನೇ ಜೈಲಿಗೆ ಒಯ್ದರು. ಸ್ಥಳೀಯ ವಿಮೆ ರದ್ದಾದಾಗ ಅಟ್ಲಾಂಟಾದ ಏಜೆಂಟರೊಬ್ಬರ ಮೂಲಕ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತಂದರು. ಕಾರು ಸಿಗದವರು ಮೈಲಿಗಟ್ಟಲೆ ನಡೆದರು.

‘ಎಲ್ಲಿಂದಲೂ ಇಲ್ಲ’

ಪೆಟ್ರೋಲಿಗೆ, ದುರಸ್ತಿಗೆ ಹಣ ಬೇಕಲ್ಲ? ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಜಾರ್ಜಿಯಾ ಗಿಲ್ಮೋರ್ ಓರಗೆಯ ಹೆಂಗಸರನ್ನು ಕಟ್ಟಿಕೊಂಡು ಕರಿದ ಕೋಳಿ, ಕೇಕು, ಪೈಗಳನ್ನು ಮಾಡಿ ಮಾರತೊಡಗಿದರು. ಬಂದ ದುಡ್ಡನ್ನು ವಾರದ ಸಭೆಯಲ್ಲಿ ಒಪ್ಪಿಸುತ್ತಿದ್ದರು. ದುಡ್ಡು ಎಲ್ಲಿಂದ ಬಂತೆಂದು ಕೇಳಿದರೆ ‘ಎಲ್ಲಿಂದಲೂ ಇಲ್ಲ’ ಎನ್ನಲಿಕ್ಕಾಗಲೆಂದು ಕೂಟಕ್ಕೆ ‘ಕ್ಲಬ್ ಫ್ರಂ ನೋವೇರ್’ ಎಂದೇ ಹೆಸರಿಟ್ಟರು. ಕೊಟ್ಟವರ ಹೆಸರು ಹೊರಬಿದ್ದರೆ ಅವರ ಕೆಲಸ ಹೋಗುತ್ತಿತ್ತು. ನಗರದ ಇನ್ನೊಂದು ಭಾಗದ ಹೆಂಗಸರೂ ಇಂಥದೇ ಕೂಟ ಕಟ್ಟಿ ಪೈಪೋಟಿಗೆ ಬಿದ್ದು ಹಣ ಕೂಡಿಸಿದರು. ಗಿಲ್ಮೋರ್ ಕೋರ್ಟಿನಲ್ಲಿ ಚಾಲಕರ ದೌರ್ಜನ್ಯದ ಬಗ್ಗೆ ಬಹಿರಂಗವಾಗಿ ಸಾಕ್ಷಿ ಹೇಳಿದರು, ಕೆಲಸ ಕಳೆದುಕೊಂಡರು. ಬಳಿಕ ಮನೆಯಲ್ಲೇ ಊಟ ಬಡಿಸತೊಡಗಿದರು. ಚಳವಳಿಯ ನಾಯಕರು ಅವರ ಮೇಜಿನ ಸುತ್ತ ಸೇರುತ್ತಿದ್ದರು.

ಇಷ್ಟರಲ್ಲಿ 1956ರ ಜನವರಿ 30ರಂದು ಕಿಂಗ್ ಅವರ ಮನೆಗೆ ಬಾಂಬು ಬಿತ್ತು, ಎರಡು ದಿನಕ್ಕೆ ನಿಕ್ಸನ್ ಮನೆಗೆ. ಫೆಬ್ರುವರಿಯಲ್ಲಿ, ಬಹಿಷ್ಕಾರ ತಡೆಯುವ 1921ರ ಹಳೆಯ ಕಾನೂನನ್ನು ಎತ್ತಿ 89 ಮಂದಿಯ ಮೇಲೆ ಆರೋಪ ಹೊರಿಸಿದರು. ಪೊಲೀಸರು ಬರಲೆಂದು ಕಾಯದೆ ಅನೇಕರು ತಾವಾಗಿ ಹೋಗಿ ಶರಣಾದರು. ನಡೆದು ಕೆಲಸಕ್ಕೆ ಹೋಗುವ ಜನರನ್ನು ಕಂಡು ನಗರದ ಬಿಳಿಯ ಗ್ರಂಥಪಾಲಕಿ ಜೂಲಿಯೆಟ್ ಮಾರ್ಗನ್, ಚಳವಳಿ ಶುರುವಾದ ವಾರದಲ್ಲೇ ಸ್ಥಳೀಯ ಪತ್ರಿಕೆಗೆ ಬರೆದ ಪತ್ರದಲ್ಲಿ ಗಾಂಧೀಜಿಯ ಉಪ್ಪಿನ ಸತ್ಯಾಗ್ರಹವನ್ನು ನೆನೆದಿದ್ದರು.

ಚಳವಳಿಯ ಮೊದಲ ಬೇಡಿಕೆಗಳು ತೀರ ಸಾಧಾರಣವಾಗಿದ್ದವು: ಚಾಲಕರು ಮರ್ಯಾದೆಯಿಂದ ನಡೆದುಕೊಳ್ಳಲಿ, ಮೊದಲು ಬಂದವರು ಮೊದಲು ಕೂರಲಿ, ಕಪ್ಪು ಚಾಲಕರನ್ನೂ ನೇಮಿಸಲಿ. ಅಷ್ಟನ್ನೂ ನಿರಾಕರಿಸಿದ ಮೇಲೆ ವಕೀಲ ಫ್ರೆಡ್ ಗ್ರೇ ಬೇರಿಗೇ ಕೈಹಾಕಿ, ಬಸ್ಸಿನ ವರ್ಣಭೇದವೇ ಸಂವಿಧಾನಬಾಹಿರ ಎಂದು ದಾವೆ ಹೂಡಿದರು. ಕೊನೆಯವರೆಗೂ ನಿಂತ ಫಿರ್ಯಾದಿಗಳು ನಾಲ್ವರು ಹೆಂಗಸರು: ಅರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಸ್ಮಿತ್ ಮತ್ತು ಕಾಲ್ವಿನ್. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅವರ ಗೆಲುವನ್ನು ಎತ್ತಿಹಿಡಿಯಿತು. ಅದೇ ದಿನ ಸ್ಥಳೀಯ ನ್ಯಾಯಾಲಯ ಕಾರುಗಳ ಓಡಾಟಕ್ಕೆ ತಡೆ ಹಾಕಿತು. ಆದೇಶ ಕೈಸೇರುವವರೆಗೆ, ಇನ್ನೂ ಐದು ವಾರ, ಜನ ಬಸ್ಸು ಹತ್ತಲಿಲ್ಲ. ಡಿಸೆಂಬರ್ 21ರ ಬೆಳಿಗ್ಗೆ ಮುಂಬಾಗಿಲಿನಿಂದ ಹತ್ತಿ, ಬೇಕಾದ ಸೀಟಿನಲ್ಲಿ ಕುಳಿತರು.

ಅದಕ್ಕೆ ತೆತ್ತ ಬೆಲೆ ಅಷ್ಟಕ್ಕೇ ಮುಗಿಯಲಿಲ್ಲ. ಬಸ್ಸುಗಳ ಮೇಲೆ ಗುಂಡು ಹಾರಿದವು, ಚರ್ಚುಗಳಿಗೆ ಬಾಂಬು ಬಿದ್ದವು. 1957ರಲ್ಲಿ ಪಾರ್ಕ್ಸ್ ಊರು ಬಿಟ್ಟು ಡೆಟ್ರಾಯಿಟ್‌ಗೆ ಹೋದರು. 1960ರಲ್ಲಿ ರಾಬಿನ್ಸನ್ ಕಾಲೇಜು ಬಿಟ್ಟರು. ಆ ರಾತ್ರಿಯ ಕಥೆಯನ್ನು ಅವರು ಪುಸ್ತಕವಾಗಿ ಹೊರತಂದದ್ದು 1987ರಲ್ಲಿ.

ಗಿಲ್ಮೋರ್ ಮಾತ್ರ ಅದೇ ಊರಿನಲ್ಲಿ ಒಲೆ ಹೊತ್ತಿಸುತ್ತಲೇ ಇದ್ದರು. 1990ರ ಮಾರ್ಚ್‌ನಲ್ಲಿ, ಸೆಲ್ಮಾದಿಂದ ಮಾಂಟ್‌ಗೊಮೆರಿಗೆ ನಡೆದ ಮೆರವಣಿಗೆಗೆ 25 ವರ್ಷ ತುಂಬಿದ ನೆನಪಿನಲ್ಲಿ ಮತ್ತೆ ನಡೆದು ಬರುವವರಿಗಾಗಿ ಅಡುಗೆ ಮಾಡುತ್ತಿದ್ದಾಗಲೇ ಅವರ ಆರೋಗ್ಯ ಕೆಟ್ಟು, ತೀರಿಕೊಂಡರು. ಅವರು ಬೇಯಿಸಿಟ್ಟಿದ್ದ ಆ ಊಟವನ್ನೇ ಮನೆಯವರು, ಅವರ ಸಾವಿಗೆ ಬಂದವರಿಗೆ ಬಡಿಸಿದರು.