'ಗಿವ್ ಅಪ್' ಎಂಬ ಆಂಗ್ಲ ಕ್ರಿಯಾಪದ

ಆಂಗ್ಲ ಭಾಷೆಯ ದೊಡ್ಡ ಶಬ್ದಗಳು ನಮ್ಮ ಬಾಲಿಕೆಯರನ್ನು ಅಷ್ಟಾಗಿ ಬಾಧಿಸುವುದಿಲ್ಲ. ನಿಘಂಟನ್ನು ತೆರೆದರೆ ಅವುಗಳ ಅರ್ಥವು ದೊರೆಯುತ್ತದೆ. ಬಾಧಿಸುವವು ಚಿಕ್ಕ ಶಬ್ದಗಳೇ. 'ಗಿವ್' ಎಂದರೆ ಕೊಡು, 'ಅಪ್' ಎಂದರೆ ಮೇಲಕ್ಕೆ. ಇವು ಮೊದಲನೆಯ ಪಾಠಪುಸ್ತಕದ ಮಾತುಗಳು. ಆದರೆ ಎರಡೂ ಕೂಡಿದೊಡನೆ 'ಬಿಡು' ಎಂಬ ಅರ್ಥವು ಹುಟ್ಟುತ್ತದೆ. ಇಲ್ಲಿ 'ಅಪ್' ಎಂಬುದು ದಿಕ್ಕನ್ನಲ್ಲ, ಪೂರ್ಣತೆಯನ್ನು ಸೂಚಿಸುತ್ತದೆ. 'ಈಟ್ ಅಪ್' ಎಂದರೆ ಉಳಿಸದೆ ತಿನ್ನುವುದು. ಕನ್ನಡಿಗರಿಗೆ ಇದು ಹೊಸದೇನೂ ಅಲ್ಲ. 'ತಿಂದುಬಿಡು', 'ಬಿಟ್ಟುಬಿಡು' ಎನ್ನುವಾಗ ಕಡೆಯ 'ಬಿಡು' ಎಂಬುದು ಮಾಡುವ ಕೆಲಸವೂ ಬಹುಮಟ್ಟಿಗೆ ಇದೇ.

ಈ ಕ್ರಿಯಾಪದದ ಒಂದು ಅರ್ಥವು, ತನ್ನಲ್ಲಿರುವುದನ್ನು ಬಿಟ್ಟುಕೊಡುವುದು. ರೈಲುಬಂಡಿಯಲ್ಲಿ ವೃದ್ಧೆಗೆ ಸ್ಥಳವನ್ನು ಬಿಟ್ಟುಕೊಡುವವಳು 'ಗಿವ್ಸ್ ಅಪ್ ಹರ್ ಸೀಟ್'. 1611ರ ಆಂಗ್ಲ ಸತ್ಯವೇದದ ಪ್ರಕಟನೆ 20:13ರಲ್ಲಿ ಸಮುದ್ರವು ತನ್ನೊಳಗಿನ ಮೃತರನ್ನು ಹಿಂದಕ್ಕೆ ಕೊಟ್ಟ ಸಂಗತಿಯನ್ನು ಹೇಳುವುದಕ್ಕೂ, ಮಾರ್ಕ 15:37ರಲ್ಲಿ ಕರ್ತನು ಪ್ರಾಣಬಿಟ್ಟದ್ದನ್ನು ಹೇಳುವುದಕ್ಕೂ ಇದೇ ಕ್ರಿಯಾಪದವಿದೆ. ಎರಡನೆಯ ಸ್ಥಳದಲ್ಲಿ ಬರುವ 'ಗೋಸ್ಟ್' ಎಂಬುದು ಪ್ರಾಣವೇ ಹೊರತು ದೆವ್ವವಲ್ಲ; ಚಿಕ್ಕ ತರಗತಿಯವರು ಹೆದರಬೇಕಾಗಿಲ್ಲ.

ಮತ್ತೊಂದು ಅರ್ಥವು, ಅಭ್ಯಾಸವನ್ನಾಗಲಿ ಪ್ರಯತ್ನವನ್ನಾಗಲಿ ನಿರೀಕ್ಷೆಯನ್ನಾಗಲಿ ತೊರೆಯುವುದು. ಹಾಡುವುದನ್ನು ಬಿಟ್ಟವಳು 'ಗೇವ್ ಅಪ್ ಸಿಂಗಿಂಗ್'. 'ಗೇವ್ ಅಪ್ ಟು ಸಿಂಗ್' ಎಂಬುದು ಅಶುದ್ಧ. 'ಇಟ್' ಮೊದಲಾದ ಸರ್ವನಾಮಗಳು ನಡುವೆಯೇ ನಿಲ್ಲಬೇಕು: 'ಗಿವ್ ಇಟ್ ಅಪ್'.

ಇಷ್ಟನ್ನು ಎಲ್ಲರೂ ಬೇಗನೆ ಕಲಿಯುತ್ತಾರೆ. ನನ್ನನ್ನು ತಡೆಯುವ ವಾಕ್ಯವು ಬೇರೆ. 'ಮೈ ಸಿಸ್ಟರ್ ಗೇವ್ ಅಪ್ ಹರ್ ಸ್ಟಡೀಸ್' ಎಂದು ಪ್ರಬಂಧಗಳಲ್ಲಿ ಆಗಾಗ್ಗೆ ಕಾಣುತ್ತೇನೆ. ವ್ಯಾಕರಣದಲ್ಲಿ ದೋಷವಿಲ್ಲ, ಕೆಂಪು ಶಾಯಿಗೆ ಅಲ್ಲಿ ಕೆಲಸವಿಲ್ಲ. ಆದರೆ ಈ ವಾಕ್ಯವು ಬಿಟ್ಟ ಹೊಣೆಯನ್ನೆಲ್ಲಾ ಅಕ್ಕನ ಮೇಲೆಯೇ ಹೊರಿಸುತ್ತದೆ. ವಿಚಾರಿಸಿದರೆ, ವಿವಾಹವು ನಿಶ್ಚಯವಾದದ್ದರಿಂದ ಮನೆಯವರು ಶಾಲೆಯನ್ನು ಬಿಡಿಸಿದರೆಂದೋ, ತಾಯಿಯ ಕಾಯಿಲೆಯಲ್ಲಿ ಮನೆವಾರ್ತೆಗೆ ಬೇರೆ ಯಾರೂ ಇರಲಿಲ್ಲವೆಂದೋ ತಿಳಿದುಬರುತ್ತದೆ. ಕನ್ನಡದಲ್ಲಿ 'ಬಿಟ್ಟಳು' ಎಂಬುದೊಂದು, 'ಬಿಡಿಸಿದರು' ಎಂಬುದೊಂದು. ಕೇಳಿದವರಿಗೆ ಕೂಡಲೇ ಭೇದವು ತಿಳಿಯುತ್ತದೆ. ಆಂಗ್ಲದಲ್ಲಿ ಅದನ್ನು ತಿಳಿಸಬೇಕಾದರೆ 'ವಾಸ್ ಮೇಡ್ ಟು ಗಿವ್ ಅಪ್' ಎಂದು ಮೂರು ಮಾತುಗಳನ್ನು ಹೆಚ್ಚಿಗೆ ಬರೆಯುವ ಶ್ರಮವನ್ನು ತೆಗೆದುಕೊಳ್ಳಬೇಕು.

ಅಂಥ ವಾಕ್ಯದ ಪಕ್ಕದಲ್ಲಿ ನಾನು ಪೆನ್ಸಿಲಿನಿಂದ 'ಬಿಟ್ಟಳೋ, ಬಿಡಿಸಿದರೋ?' ಎಂದು ಬರೆಯುತ್ತೇನೆ. ಹೋದ ವರ್ಷ ಒಬ್ಬ ಹುಡುಗಿಯು ಪುಸ್ತಕವನ್ನು ಮನೆಗೆ ಒಯ್ದು, ಅಕ್ಕನನ್ನೇ ಕೇಳಿ, ಉತ್ತರವನ್ನು ಅದರ ಕೆಳಗೆ ಬರೆದು ತಂದಳು. ಆ ಅಕ್ಷರಗಳು ಅವಳವಾಗಿರಲಿಲ್ಲ.